1,713 ಮತಗಳ ಪರಿಣತ

ಓದಿಕೊಂಡವರ ನಡುವೆ ಒಂದು ಆಸೆ ಆಗಾಗ ತಲೆಯೆತ್ತುತ್ತದೆ: ರಾಜಕಾರಣಿಗಳ ಸಹವಾಸ ಸಾಕು, ವಿಷಯ ತಿಳಿದವರ ಕೈಗೆ ಒಮ್ಮೆ ದೇಶ ಕೊಟ್ಟು ನೋಡೋಣ. ಹಣಕಾಸಿಗೆ ಅರ್ಥಶಾಸ್ತ್ರಜ್ಞ, ಆರೋಗ್ಯಕ್ಕೆ ವೈದ್ಯ, ನೀರಾವರಿಗೆ ಎಂಜಿನಿಯರ್. ಮತ ಕೇಳುತ್ತ ಬೀದಿ ಬೀದಿ ಅಲೆಯುವ ರಗಳೆ ಅವರಿಗೇಕೆ? ಹೀಗೆ ಹೇಳುವವರು ಕೆಟ್ಟವರೇನಲ್ಲ. ಹೆಚ್ಚಿನವರು ಕೆಟ್ಟ ಆಡಳಿತ ಕಂಡು ಬೇಸತ್ತವರು. ಆದರೆ ಈ ಮಾತನ್ನು ಕೇಳಿದಾಗಲೆಲ್ಲ, ಅದರಲ್ಲೂ ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರ ಬಾಯಲ್ಲಿ ಕೇಳಿದಾಗ, ನನಗೆ ಪನಾಮಾದ ಒಬ್ಬ ಮನುಷ್ಯ ನೆನಪಾಗುತ್ತಾರೆ. ಹೆಸರು ನಿಕೊಲಾಸ್ ಆರ್ದಿತೊ ಬಾರ್ಲೆಟಾ. ಮಧ್ಯ ಅಮೆರಿಕದ ಆ ಪುಟ್ಟ ದೇಶಕ್ಕೆ 1984ರಲ್ಲಿ ಅಧ್ಯಕ್ಷರಾದವರು, ಒಂದು ವರ್ಷ ತುಂಬುವ ಮೊದಲೇ ಇಳಿದವರು. ಅವರ ಬದುಕನ್ನು ಸಾಮಾನ್ಯವಾಗಿ ಒಳ್ಳೆಯ ತಜ್ಞನೊಬ್ಬ ಕೆಟ್ಟ ಸೇನಾಧಿಕಾರಿಯ ಕೈಗೆ ಸಿಕ್ಕಿಬಿದ್ದ ಕಥೆಯಾಗಿ ಹೇಳುತ್ತಾರೆ. ನನ್ನ ತಕರಾರು ಆ ಕಥೆಯ ಬಗ್ಗೆ.

ಬಾರ್ಲೆಟಾ ಹೆಸರನ್ನು ನಾನು ಮೊದಲು ಕಂಡದ್ದು ರಾಜಕೀಯದ ಪುಸ್ತಕದಲ್ಲಲ್ಲ, ಕೃಷಿ ಅರ್ಥಶಾಸ್ತ್ರದ ಒಂದು ಕೋಷ್ಟಕದಲ್ಲಿ. ಕೃಷಿ ಸಂಶೋಧನೆಗೆ ಸರ್ಕಾರ ಹಾಕಿದ ದುಡ್ಡು ಸಮಾಜಕ್ಕೆ ಎಷ್ಟು ಮರಳಿಸುತ್ತದೆ ಎಂದು ಲೆಕ್ಕ ಹಾಕಿದ ಅಧ್ಯಯನಗಳ ಪಟ್ಟಿ ಅದು. ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದ ಬಗ್ಗೆ ಗ್ರಿಲಿಚಸ್ ಮಾಡಿದ ಹೆಸರಾಂತ ಲೆಕ್ಕದ ಕೆಳಗೆ ಇನ್ನೊಂದು ಸಾಲಿತ್ತು: ಮೆಕ್ಸಿಕೊ, ಗೋಧಿ, 1943ರಿಂದ 1963, ಪ್ರತಿಫಲ ಶೇಕಡಾ 90. ಅದರ ಜೊತೆಗೆ ಮೆಕ್ಕೆಜೋಳ, ಶೇಕಡಾ 35. ಪಕ್ಕದಲ್ಲಿ ಬಾರ್ಲೆಟಾ ಎಂಬ ಹೆಸರು. ಅದು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ. ಮೆಕ್ಸಿಕೊದ ಆ ಗೋಧಿ ಸಂಶೋಧನೆಯಿಂದ ಬಂದ ತಳಿಗಳೇ 1966ರಲ್ಲಿ 18,000 ಟನ್ ಬಿತ್ತನೆ ಬೀಜವಾಗಿ ಹಡಗೇರಿ ಭಾರತಕ್ಕೆ ಬಂದವು. ನಮ್ಮ ಹಸಿರು ಕ್ರಾಂತಿ ಶುರುವಾದದ್ದು ಹಾಗೆ. ಆದ್ದರಿಂದ ಬಾರ್ಲೆಟಾ ಯಾರೋ ದೂರದವರು ಎಂದು ನನಗೆ ಅನ್ನಿಸಲಿಲ್ಲ. ಪ್ರಯೋಗಾಲಯದ ಖರ್ಚಿನಿಂದ ಹಿಡಿದು ಊಟ ಮಾಡುವವನ ತಟ್ಟೆಯವರೆಗೆ ಲಾಭನಷ್ಟ ಕೂಡಿಸಿ ಕಳೆದ ಮನುಷ್ಯ. ಒಂದು ನಿರ್ಧಾರದ ಫಲ ಯಾರಿಗೆ, ಬೆಲೆ ತೆರುವವರು ಯಾರು ಎಂದು ಕೇಳುವುದೇ ಅವರ ವಿದ್ಯೆ.

ಹುಟ್ಟಿದ್ದು 1938ರಲ್ಲಿ, ಕೊಕ್ಲೆ ಪ್ರಾಂತ್ಯದ ಅಗ್ವಾದುಲ್ಸೆಯಲ್ಲಿ. ಉಪ್ಪಿನ ಗದ್ದೆ, ಕಬ್ಬಿನ ಹೊಲಗಳ ಊರು. ಮೊದಲ ಪದವಿಗಳನ್ನು ಪಡೆದದ್ದು ನಾರ್ತ್ ಕ್ಯಾರೊಲಿನಾದಲ್ಲಿ, ಆಮೇಲೆ ಷಿಕಾಗೊ. ಅವರು ಓದು ಮುಗಿಸುವ ಹೊತ್ತಿಗೆ ಪನಾಮಾದ ಸ್ಥಿತಿ ಬದಲಾಗಿತ್ತು. 1968ರ ಅಕ್ಟೋಬರ್ 1ರಂದು ಅಧಿಕಾರ ವಹಿಸಿಕೊಂಡ ಅರ್ನುಲ್ಫೊ ಆರಿಯಾಸ್ ಎಂಬ ಚುನಾಯಿತ ಅಧ್ಯಕ್ಷನನ್ನು ಅದೇ ತಿಂಗಳ 11ಕ್ಕೆ ಸೇನೆ ಓಡಿಸಿತ್ತು. ಸ್ವಲ್ಪ ಕಾಲದಲ್ಲೇ ಒಮರ್ ತೊರಿಹೊಸ್ ಎಂಬ ಅಧಿಕಾರಿ ದೇಶದ ಯಜಮಾನನಾದ. ಈ ತೊರಿಹೊಸ್ ಸಾಧಾರಣ ಸರ್ವಾಧಿಕಾರಿಯಲ್ಲ. ಹಳ್ಳಿ ಹಳ್ಳಿ ತಿರುಗುತ್ತಿದ್ದ, ಬಡವರ ಮಾತು ಕೇಳುತ್ತಿದ್ದ, ಶಾಲೆ ಆಸ್ಪತ್ರೆ ಕಟ್ಟಿಸಿದ. ಪಕ್ಷಗಳನ್ನು ಮುಚ್ಚಿಸಿದ, ವಿರೋಧಿಗಳನ್ನು ಗಡಿಪಾರು ಮಾಡಿದ, ಅದೂ ನಿಜ. ಅವನಿಗೆ ಲೆಕ್ಕ ಬಲ್ಲ ಯುವಕರು ಬೇಕಾಗಿದ್ದರು. ದೇಶವನ್ನು ಅಂತರರಾಷ್ಟ್ರೀಯ ಬ್ಯಾಂಕುಗಳ ಕೇಂದ್ರವಾಗಿಸಿದ 1970ರ ಬ್ಯಾಂಕಿಂಗ್ ಕಾನೂನಿನ ಹಿಂದೆ ಬಾರ್ಲೆಟಾ ಅವರ ಕೈಯಿತ್ತು. 1973ರಲ್ಲಿ ಅವರು ಯೋಜನೆ ಮತ್ತು ಆರ್ಥಿಕ ನೀತಿಯ ಸಚಿವರಾದರು. ಆಗ ವಯಸ್ಸು 35.

(ಬಾರ್ಲೆಟಾಗೆ ಬಹುವಚನ, ಸೇನಾಧಿಕಾರಿಗಳಿಗೆ ಏಕವಚನ ಬಳಸುತ್ತಿದ್ದೇನೆ. ಬೇಕೆಂದೇ. ಅವರನ್ನು ಕಳ್ಳರ ಸಾಲಿಗೆ ಸೇರಿಸಿ ಬೈಯುವುದು ಸುಲಭ; ಹಾಗೆ ಮಾಡಿದರೆ ಇಲ್ಲಿ ಕಲಿಯುವುದು ಏನೂ ಉಳಿಯುವುದಿಲ್ಲ.)

ಸಚಿವರಾಗಿ ಅವರು ಮಾಡಿದ ದೊಡ್ಡ ಕೆಲಸ ಕಾಲುವೆ ಒಪ್ಪಂದದ ಆರ್ಥಿಕ ಭಾಗ. ಪನಾಮಾದ ಎದೆಯನ್ನು ಸೀಳಿಕೊಂಡು ಹೋಗುವ ಕಾಲುವೆಗೆ, ಅದರ ಎರಡೂ ದಡದ ನೆಲಕ್ಕೆ ಅಮೆರಿಕ ವರ್ಷಕ್ಕೆ ಕೊಡುತ್ತಿದ್ದ ಬಾಡಿಗೆ ಸುಮಾರು 23 ಲಕ್ಷ ಡಾಲರ್. ಹೊಸ ಒಪ್ಪಂದದಲ್ಲಿ ಹಾದುಹೋಗುವ ಪ್ರತಿ ಟನ್ನಿಗೆ 30 ಸೆಂಟ್, ಅದರ ಮೇಲೆ ಸೇವೆಗಳ ಬಾಬ್ತು ವರ್ಷಕ್ಕೆ 1 ಕೋಟಿ ಡಾಲರ್, ಮಿಗತೆಯಿದ್ದರೆ ಇನ್ನೊಂದು ಕೋಟಿಯವರೆಗೆ. ಎಲ್ಲಕ್ಕಿಂತ ಮುಖ್ಯವಾಗಿ 1999ರ ಡಿಸೆಂಬರ್ 31ರ ನಡುಹಗಲಿಗೆ ಕಾಲುವೆಯೇ ಪನಾಮಾದ್ದು. 1977ರ ಸೆಪ್ಟೆಂಬರ್ 7ರಂದು ವಾಷಿಂಗ್ಟನ್ನಿನಲ್ಲಿ ತೊರಿಹೊಸ್ ಮತ್ತು ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಸಣ್ಣ ದೇಶವೊಂದು ದೊಡ್ಡ ದೇಶದಿಂದ ಮೇಜಿನ ಮುಂದೆ ಕೂತು ಇಷ್ಟು ಪಡೆದ ಉದಾಹರಣೆಗಳು ಹೆಚ್ಚಿಲ್ಲ. ಅದರ ಶ್ರೇಯಸ್ಸಿನ ಒಂದು ಪಾಲು ಬಾರ್ಲೆಟಾಗೆ ಸಲ್ಲಲೇಬೇಕು.

ಆದರೆ ಆಮೇಲೆ ನಡೆದದ್ದನ್ನು ಗಮನಿಸಿ. ಆ ಅಕ್ಟೋಬರಿನಲ್ಲಿ ತೊರಿಹೊಸ್ ಒಪ್ಪಂದವನ್ನು ಜನಮತಕ್ಕೆ ಹಾಕಿದ. ಸರ್ವಾಧಿಕಾರಿಯೇ ಹಾಕಿದ! ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಹೌದೆಂದರು, ಮೂರನೇ ಒಂದು ಭಾಗ ಬೇಡವೆಂದರು. ಬೇಡವೆಂದವರ ಸಂಖ್ಯೆಯನ್ನೂ ಹೊರಗೆ ಹೇಳಲಾಯಿತು. ಬಂದೂಕು ಹಿಡಿದವನಿಗೂ ಗೊತ್ತಿತ್ತು, ಇಂಥ ಕಾಗದಕ್ಕೆ ಜನರ ಒಪ್ಪಿಗೆಯ ಮುದ್ರೆ ಬೀಳದಿದ್ದರೆ ಮುಂದೆ ಯಾರಾದರೂ ಬಂದು ಹರಿದುಹಾಕುತ್ತಾರೆ ಎಂದು. ಬಾರ್ಲೆಟಾ ಅದನ್ನು ಹತ್ತಿರದಿಂದ ನೋಡಿದವರು. ಏಳು ವರ್ಷದ ಮೇಲೆ ಅವರು ಅದನ್ನು ಮರೆತಂತೆ ನಡೆದುಕೊಂಡರು ಎಂಬುದೇ ನನ್ನ ದೂರು.

1978ರಲ್ಲಿ ಅವರು ವಿಶ್ವ ಬ್ಯಾಂಕಿಗೆ ಹೋದರು. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ನಿಗೆ ಉಪಾಧ್ಯಕ್ಷ. ಅಲ್ಲಿ ಆರು ವರ್ಷ. ಬ್ಯಾಂಕು ರಚನಾತ್ಮಕ ಹೊಂದಾಣಿಕೆಯ ಸಾಲ ಕೊಡಲು ಆರಂಭಿಸಿದ್ದು 1980ರಲ್ಲಿ. ಮೆಕ್ಸಿಕೊ ಕೈಚೆಲ್ಲಿ ಇಡೀ ಖಂಡ ಸಾಲದಲ್ಲಿ ಮುಳುಗಿದ್ದು 1982ರ ಆಗಸ್ಟಿನಲ್ಲಿ. ಪನಾಮಾದ ಸಾಲವೂ ಬೆಟ್ಟದಂತೆ ಬೆಳೆದಿತ್ತು. ತಲೆಗೆ ಲೆಕ್ಕ ಹಾಕಿದರೆ ಜಗತ್ತಿನ ಅತಿ ಭಾರದ ಸಾಲಗಳಲ್ಲಿ ಅದೂ ಒಂದು. ತೊರಿಹೊಸ್ ಕಾಲದಲ್ಲಿ ಅಣೆಕಟ್ಟು, ಸರ್ಕಾರಿ ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ ಎಂದು ತಂದ ದುಡ್ಡು. ಒಂದಿಷ್ಟು ಒಳ್ಳೆಯ ಕಡೆ ಹೋಯಿತು, ಒಂದಿಷ್ಟು ನಷ್ಟದ ಬಾಯಿಗೆ. ಆ ದಶಕದ ಅರ್ಧಕ್ಕೂ ಹೆಚ್ಚು ಕಾಲ ಯೋಜನಾ ಸಚಿವರಾಗಿದ್ದವರು ಬಾರ್ಲೆಟಾ. ಆಮೇಲೆ ಸಾಲ ಕೊಡುವ ಕಡೆ ಕೂತವರೂ ಅವರೇ. 1984ರಲ್ಲಿ ತೀರಿಸಿ ಎಂದು ಜನರನ್ನು ಕೇಳಲು ಬಂದವರೂ ಅವರೇ. ಕಡ ತರುವಾಗಲೂ ಕೊಡುವಾಗಲೂ ವಸೂಲಿಗೂ ಒಬ್ಬರೇ ಮನುಷ್ಯ. ಯಾವ ಹಂತದಲ್ಲೂ, ಮತಗಟ್ಟೆಯಲ್ಲಿ ಯಾರೂ ಅವರನ್ನು ಆರಿಸಿರಲಿಲ್ಲ.

ಈಗ 1984ಕ್ಕೆ ಬರೋಣ. ತೊರಿಹೊಸ್ 1981ರಲ್ಲಿ ವಿಮಾನ ಅಪಘಾತದಲ್ಲಿ ಸತ್ತಿದ್ದ. 1983ರ ಆಗಸ್ಟಿನಲ್ಲಿ ಸೇನೆ ಮಾನುಯೆಲ್ ನೊರಿಯೆಗಾನ ಕೈಗೆ ಬಂತು. ಬೇಹುಗಾರಿಕೆ ಇಲಾಖೆಯಲ್ಲಿ ಬೆಳೆದವನು. ಯಾರ ಗುಟ್ಟು ಎಲ್ಲಿದೆ ಎಂದು ಗೊತ್ತಿದ್ದವನು. ಹದಿನಾರು ವರ್ಷಗಳ ಮೇಲೆ ನೇರ ಅಧ್ಯಕ್ಷೀಯ ಚುನಾವಣೆ ನಡೆಯಬೇಕಿತ್ತು. ಸೇನೆಗೆ ಒಂದು ಮುಖ ಬೇಕಿತ್ತು: ಅಮೆರಿಕಕ್ಕೆ ಒಪ್ಪಿಗೆಯಾಗುವ, ಬ್ಯಾಂಕುಗಳಿಗೆ ನಂಬಿಕೆ ಹುಟ್ಟಿಸುವ, ಸ್ವಂತ ಜನಬಲವಿಲ್ಲದ ಮುಖ. ಕೊನೆಯದನ್ನು ಮತ್ತೊಮ್ಮೆ ಓದಿ. ಆರು ವರ್ಷ ವಾಷಿಂಗ್ಟನ್ನಿನಲ್ಲಿದ್ದ ಅರ್ಥಶಾಸ್ತ್ರಜ್ಞನಿಗಿಂತ ಚೆನ್ನಾಗಿ ಈ ಅಳತೆಗೆ ಹೊಂದುವವರು ಇನ್ನಾರು? ತಜ್ಞನಿಗೆ ಜನರ ಬೆಂಬಲವಿಲ್ಲ ಎಂಬುದನ್ನು ನಾವು ಅವನ ಶುದ್ಧತೆ ಎಂದು ಹೊಗಳುತ್ತೇವೆ. ನೊರಿಯೆಗಾ ಅದನ್ನೇ ಅವನ ಅನುಕೂಲ ಎಂದು ಲೆಕ್ಕ ಹಾಕಿದ. ಇಬ್ಬರಲ್ಲಿ ಯಾರಿಗೆ ರಾಜಕೀಯ ಹೆಚ್ಚು ತಿಳಿದಿತ್ತು ಎಂದು ಬೇರೆ ಹೇಳಬೇಕಿಲ್ಲ.

ಎದುರಾಳಿ ಅದೇ ಅರ್ನುಲ್ಫೊ ಆರಿಯಾಸ್, 1968ರಲ್ಲಿ ಹನ್ನೊಂದನೇ ದಿನಕ್ಕೆ ಓಡಿಸಲ್ಪಟ್ಟವನು. ಈಗ ವಯಸ್ಸು 82. ಮೇ 6ರಂದು ಮತದಾನ. ಎಣಿಕೆ ಎಳೆದಾಡಿತು, ನಿಂತಿತು, ಮತ್ತೆ ಶುರುವಾಯಿತು. ಶಾಸನಸಭೆಯ ಕಟ್ಟಡದ ಮುಂದೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸಾವಾಯಿತು, ಹತ್ತಾರು ಮಂದಿ ಗಾಯಗೊಂಡರು. ಕೊನೆಗೆ ಪ್ರಕಟವಾದ ಫಲಿತಾಂಶ: ಬಾರ್ಲೆಟಾಗೆ 3,00,748, ಆರಿಯಾಸ್‌ಗೆ 2,99,035. ಅಂತರ 1,713. ಆರು ಲಕ್ಷದಲ್ಲಿ ಶೇಕಡಾ ಅರ್ಧವೂ ಅಲ್ಲ. ಬೀದಿಯ ಜನ ತಕ್ಷಣವೇ ಹೊಸ ಹೆಸರು ಕೊಟ್ಟರು. ಆರ್ದಿತೊ ಎಂಬುದಕ್ಕೆ ಪ್ರಾಸವಾಗಿ ‘ಫ್ರೌದಿತೊ’. ವಂಚನೆಗೆ ಸ್ಪ್ಯಾನಿಷ್ ಭಾಷೆಯಲ್ಲಿರುವ ಮಾತಿಗೆ ಮುದ್ದಿನ ಬಾಲ ಸೇರಿಸಿದ ಹೆಸರು ಅದು. ಕನ್ನಡದಲ್ಲಿ ‘ಮರಿ ಮೋಸ’ ಎಂದ ಹಾಗೆ. ನಾಲ್ಕು ದಶಕ ಕಳೆದರೂ ಅವರ ಹೆಸರಿನ ಜೊತೆ ಅದು ಅಂಟಿಕೊಂಡೇ ಇದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಆರಿಯಾಸ್ ಪರ ವಕಾಲತ್ತು ಹಾಕಿದಂತಾಗುತ್ತದೆ. ಆತ ನನಗೆ ಒಂದಿಷ್ಟೂ ಹಿಡಿಸದ ಮನುಷ್ಯ. 1940ರಲ್ಲಿ ಮೊದಲ ಸಲ ಅಧ್ಯಕ್ಷನಾದಾಗ ಅವನು ತಂದ 1941ರ ಸಂವಿಧಾನ ಕೆಲವು ಜನಾಂಗಗಳಿಗೆ ದೇಶದ ಬಾಗಿಲು ಮುಚ್ಚಿತು. ಕಾಲುವೆ ಅಗೆಯಲು ವೆಸ್ಟ್ ಇಂಡೀಸಿನಿಂದ ಬಂದ ಕಪ್ಪು ಕೂಲಿಗಳ ಮಕ್ಕಳ ಪೌರತ್ವವನ್ನೇ ಅಲುಗಿಸಿತು. ಬೇಡದವರ ಆ ಪಟ್ಟಿಯಲ್ಲಿ ಭಾರತ ಮೂಲದವರೂ ಇದ್ದರು. ಅಂದರೆ ನನ್ನಂಥವನನ್ನು ಒಳಗೇ ಬಿಡದ ಆಸಾಮಿ. ಅಷ್ಟಿದ್ದರೂ ಜನ ಅವನನ್ನು ಮತ್ತೆ ಮತ್ತೆ ಆರಿಸಿದರು, ಆರಿಸಿದಾಗಲೆಲ್ಲ ಅವನನ್ನು ಇಳಿಸಲಾಯಿತು: 1941, 1951, 1968. ‘ಇಂಥವನು ಬರುವುದಕ್ಕಿಂತ ಷಿಕಾಗೊದ ಡಾಕ್ಟರೇಟ್ ಮೇಲಲ್ಲವೇ?’ ಎಂದು ಯಾರಾದರೂ ಕೇಳಿದರೆ, ಯಾವ ಊಟ ಪಥ್ಯ ಎಂದು ನನಗೂ ಗೊತ್ತು. ಆದರೆ ತಟ್ಟೆ ನನ್ನದಲ್ಲ. ಪನಾಮಾದ ಮತದಾರ ತನಗೆ ಬೇಕಾದ ಮುದುಕನನ್ನು ಆರಿಸಿ, ಅವನ ಕೈಯಲ್ಲಿ ಏಟು ತಿಂದು, ಮುಂದಿನ ಸಲ ಅವನನ್ನು ಇಳಿಸುವ ಹಕ್ಕುಳ್ಳವನು. ಹದಿನಾರು ವರ್ಷದಿಂದ ಅವನಿಗೆ ಸಿಗದೆ ಹೋದದ್ದು ಆ ಇಳಿಸುವ ಹಕ್ಕು.

ಬಾರ್ಲೆಟಾಗೆ ಆ ಮೇ ತಿಂಗಳಲ್ಲಿ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ? ಅವರ ಮನಸ್ಸಿನೊಳಗೆ ಇಣುಕುವ ಅಗತ್ಯ ನನ್ನ ವಾದಕ್ಕಿಲ್ಲ. ನಾನು ಕೇಳುವುದು ಇಷ್ಟೆ. ಇಪ್ಪತ್ತು ವರ್ಷಗಳ ಗೋಧಿಯ ಅಂಕಿಗಳನ್ನು ಹಿಂಡಿ ಪ್ರತಿಫಲದ ದರ ತೆಗೆದವರ ಮುಂದೆ ಒಂದು ಎಣಿಕೆ ಬಂದಿದೆ. ಎಣಿಸಿದವರು ತಮ್ಮನ್ನು ನಿಲ್ಲಿಸಿದವರ ಕೈಕೆಳಗಿನವರು. ಎಣಿಕೆ ಮಧ್ಯದಲ್ಲಿ ನಿಂತಿದೆ, ಹೊರಗೆ ಹೆಣ ಬಿದ್ದಿದೆ, ಅಂತರ ಕೂದಲೆಳೆಯಷ್ಟು. ಇದೇ ಅಂಕಿಯನ್ನು ಒಬ್ಬ ವಿದ್ಯಾರ್ಥಿ ಪ್ರಬಂಧದಲ್ಲಿ ತಂದಿದ್ದರೆ ಅವರು ಸಹಿ ಹಾಕುತ್ತಿದ್ದರೇ? ಮೂಲ ದಾಖಲೆ ತೋರಿಸು, ಮತ್ತೆ ಎಣಿಸು ಎನ್ನುತ್ತಿರಲಿಲ್ಲವೇ? ಮರು ಎಣಿಕೆ ನಡೆಯುವವರೆಗೆ ಅಧಿಕಾರ ಬೇಡ ಎನ್ನಲು ಅವರಿಗೆ ಅಕ್ಟೋಬರಿನವರೆಗೆ ಐದು ತಿಂಗಳಿತ್ತು. ಅವರು ಪ್ರಮಾಣವಚನ ಸ್ವೀಕರಿಸಿದರು. ತಾರೀಕು ಅಕ್ಟೋಬರ್ 11. ಸೇನೆ ಆರಿಯಾಸ್‌ನನ್ನು ಓಡಿಸಿ ಸರಿಯಾಗಿ ಹದಿನಾರು ವರ್ಷವಾದ ದಿನ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಸ್ ಖುದ್ದಾಗಿ ಬಂದು ಕೂತಿದ್ದರು. ಅವರೂ ಷಿಕಾಗೊದವರೇ, ಅಲ್ಲಿನ ವ್ಯವಹಾರ ಶಾಲೆಗೆ ಡೀನ್ ಆಗಿದ್ದವರು. ಸಾಲ ಕೊಟ್ಟವರಿಗೆ ನೆಮ್ಮದಿಯಾಯಿತು. ಲೆಕ್ಕ ಬಲ್ಲವರು ಬಂದಿದ್ದಾರೆ.

ಇಲ್ಲಿಂದ ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಪನಾಮಾದ ಒಂದು ವಿಚಿತ್ರ ಸಂಗತಿ ತಿಳಿದಿರಬೇಕು. ಅಲ್ಲಿ ಕೇಂದ್ರೀಯ ಬ್ಯಾಂಕ್ ಇಲ್ಲ. 1904ರಿಂದ ಅಲ್ಲಿ ಓಡುವುದು ಅಮೆರಿಕದ ಡಾಲರ್. ಬಾಲ್ಬೊವಾ ಎಂಬ ಸ್ವಂತ ಹಣವಿದೆ, ಆದರೆ ಅದು ಚಿಲ್ಲರೆ ನಾಣ್ಯದ ಮಟ್ಟದ್ದು, ಬೆಲೆ ಡಾಲರಿಗೆ ಸಮ. ಇದರ ಪರಿಣಾಮ ಏನು? ಬೇರೆ ದೇಶಗಳ ಸರ್ಕಾರಕ್ಕೆ ದುಡ್ಡು ಸಾಲದಾದಾಗ ನೋಟು ಅಚ್ಚು ಹಾಕುವ ದಾರಿಯಿದೆ. ಬೆಲೆ ಏರುತ್ತದೆ, ಕೂಲಿಯವನ ಕೂಲಿ ಸವೆಯುತ್ತದೆ, ಯಾರೂ ಕಾನೂನು ಮಾಡದೆಯೇ ತೆರಿಗೆ ವಸೂಲಾದಂತೆ ಆಗುತ್ತದೆ. ಅಥವಾ ನಾಣ್ಯದ ಬೆಲೆ ಇಳಿಸಬಹುದು. ಪನಾಮಾದ ಸರ್ಕಾರಕ್ಕೆ ಈ ಎರಡೂ ಕಳ್ಳದಾರಿಗಳಿಲ್ಲ. ಸಾಲ ಸಿಗುವುದು ನಿಂತ ಮೇಲೆ ಉಳಿಯುವುದು ಒಂದೇ: ಜನರ ಎದುರು ನಿಂತು, ನಿಮ್ಮಿಂದ ಇಷ್ಟು ಹೆಚ್ಚು ತೆಗೆದುಕೊಳ್ಳುತ್ತೇನೆ, ನಿಮಗೆ ಇಷ್ಟು ಕಡಿಮೆ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳುವುದು. ಅಂದರೆ ಜನರ ಒಪ್ಪಿಗೆಯಿಲ್ಲದೆ ಮಿತವ್ಯಯ ನಡೆಸುವುದು ಅತ್ಯಂತ ಕಷ್ಟವಾದ ದೇಶಗಳ ಸಾಲಿನಲ್ಲಿ ಪನಾಮಾ ಮುಂದಿದೆ. ಇದು ಬಾರ್ಲೆಟಾಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಅಧಿಕಾರಕ್ಕೆ ಬಂದ ಮರುತಿಂಗಳೇ, 1984ರ ನವೆಂಬರಿನಲ್ಲಿ, ಅವರು ತಮ್ಮ ಯೋಜನೆ ಮುಂದಿಟ್ಟರು. ಸೇವೆಗಳ ಮೇಲೆ ಶೇಕಡಾ 7 ತೆರಿಗೆ, ಸಚಿವಾಲಯಗಳ ಖರ್ಚಿಗೆ ಕತ್ತರಿ. ಪುಸ್ತಕದ ಪ್ರಕಾರ ತಪ್ಪು ಹುಡುಕುವುದು ಕಷ್ಟ. ಶಿಕ್ಷಕರು ಬೀದಿಗಿಳಿದರು, ವೈದ್ಯರು ಇಳಿದರು, ವ್ಯಾಪಾರಿಗಳು, ಕಾರ್ಮಿಕ ಸಂಘದವರು, ಸಾಮಾನ್ಯವಾಗಿ ಒಬ್ಬರ ಮುಖ ಒಬ್ಬರು ನೋಡದವರು ಒಟ್ಟಿಗೆ ನಡೆದರು. ಸುಮಾರು ಹತ್ತು ದಿನ. ಅಧ್ಯಕ್ಷರು ಮುಖ್ಯವಾದ ಕ್ರಮಗಳನ್ನು ಹಿಂದಕ್ಕೆ ಪಡೆದರು. ಅಲ್ಲಿಗೆ ಅವರ ಆಡಳಿತ ಮುಗಿಯಿತೆಂದೇ ನಾನು ತಿಳಿಯುತ್ತೇನೆ, ಕುರ್ಚಿಯಲ್ಲಿ ಇನ್ನೂ ಹತ್ತು ತಿಂಗಳು ಕೂತಿದ್ದರೂ.

ಶೇಕಡಾ 7. ಗೆದ್ದು ಬಂದ ಸಾಧಾರಣ ರಾಜಕಾರಣಿ, ಲೆಕ್ಕ ಬಾರದವನು, ಅದನ್ನು ದಕ್ಕಿಸಿಕೊಳ್ಳುತ್ತಿದ್ದ. ‘ನೀವೇ ಕಳಿಸಿದಿರಿ, ಕಷ್ಟಕಾಲ, ಸ್ವಲ್ಪ ತಡೆದುಕೊಳ್ಳಿ’ ಎನ್ನುತ್ತಿದ್ದ. ಅರ್ಧ ಜನ ಬೈಯುತ್ತಿದ್ದರು, ಇನ್ನರ್ಧ ಗೊಣಗುತ್ತ ಕೊಡುತ್ತಿದ್ದರು. ಬಾರ್ಲೆಟಾಗೆ ಹೇಳಲಾಗದ್ದು ಆ ‘ನೀವೇ ಕಳಿಸಿದಿರಿ’ ಎಂಬ ಎರಡು ಪದ. ತಜ್ಞನಿಗೆ ಜನಮತ ಬೇಡ, ಅವನ ಜ್ಞಾನವೇ ಸಾಕು ಎನ್ನುವವರು ನೋಡಬೇಕಾದ ಜಾಗ ಇದು. ಹಂಚಲು ಬರುವವನಿಗೆ ಮತವಿಲ್ಲದಿದ್ದರೂ ನಡೆದೀತು. ಅಕ್ಕಿ ಕೊಡುವ ಕೈಯನ್ನು ಯಾರು ಎಣಿಸಿ ನೋಡುತ್ತಾರೆ? ಕಿತ್ತುಕೊಳ್ಳಲು ಬರುವವನಿಗೆ ಮತ ಬೇಕೇ ಬೇಕು. ಅರ್ಥಶಾಸ್ತ್ರಜ್ಞರನ್ನು ಕರೆತರುವುದು ಬಹುಪಾಲು ಕಿತ್ತುಕೊಳ್ಳುವ ಹೊತ್ತಿನಲ್ಲೇ.

ಮತ ಇಲ್ಲದವನಿಗೆ ಉಳಿಯುವುದು ಸೇನೆ. ಆದರೆ ಸೇನೆ ಅಧ್ಯಕ್ಷನಿಗಾಗಿ ಜನರ ಬೈಗುಳ ತಿನ್ನುತ್ತದೆಯೇ? ಅದು ದೂರ ನಿಂತು ನೋಡಿತು. 1985ರ ಆಗಸ್ಟಿನಲ್ಲಿ ನೊರಿಯೆಗಾ ಬಹಿರಂಗವಾಗಿಯೇ ಸರ್ಕಾರವನ್ನು ಕೈಲಾಗದ್ದು ಎಂಬಂತೆ ಹಂಗಿಸಿದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾವಿಗೆ ಬಿದ್ದದ್ದು ತಾನಾಗಿ ಅಂಚಿಗೆ ಬಂದು ನಿಂತ ಡಾಕ್ಟರೇಟ್.

ಇನ್ನು ಬಾರ್ಲೆಟಾ ಬದುಕಿನ ಅತ್ಯಂತ ಗೌರವದ ಗಳಿಗೆ. ಅದನ್ನು ಮರೆಮಾಚಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಊಗೊ ಸ್ಪಾದಾಫೊರಾ ಎಂಬ ವೈದ್ಯನಿದ್ದ. ಗಿನಿ-ಬಿಸಾವಿನ ವಿಮೋಚನಾ ಹೋರಾಟದಲ್ಲಿ ಗಾಯಾಳುಗಳಿಗೆ ಔಷಧ ಮಾಡಿದವನು, ತೊರಿಹೊಸ್ ಸರ್ಕಾರದಲ್ಲಿ ಆರೋಗ್ಯ ಇಲಾಖೆಯ ಉಪಸಚಿವನಾಗಿದ್ದವನು, ಅದನ್ನು ಬಿಟ್ಟು ನಿಕರಾಗುವಾದ ಸೊಮೋಸಾ ವಿರುದ್ಧ ಬಂದೂಕು ಹಿಡಿದು ಹೋದವನು. ನೊರಿಯೆಗಾನ ಮಾದಕವಸ್ತು ದಂಧೆಯನ್ನು ಬಯಲಿಗೆಳೆಯುತ್ತೇನೆ ಎನ್ನುತ್ತ 1985ರ ಸೆಪ್ಟೆಂಬರ್ 13ರಂದು ಕೋಸ್ಟರಿಕಾದ ಗಡಿ ದಾಟಿ ಬಸ್ಸು ಹತ್ತಿದ. ದಾರಿಯಲ್ಲಿ ಸೇನೆಯವರು ಇಳಿಸಿಕೊಂಡು ಹೋದರು. ಮರುದಿನ ಗಡಿಯ ಆಚೆಗೆ, ಅಮೆರಿಕದ ಅಂಚೆ ಚೀಲವೊಂದರಲ್ಲಿ, ಚಿತ್ರಹಿಂಸೆಯ ಗುರುತುಗಳಿದ್ದ ಅವನ ದೇಹ ಸಿಕ್ಕಿತು. ತಲೆ ಇರಲಿಲ್ಲ. ಅದು ಇವತ್ತಿಗೂ ಸಿಕ್ಕಿಲ್ಲ.

ವಿಶ್ವಸಂಸ್ಥೆಯ ಅಧಿವೇಶನಕ್ಕೆ ನ್ಯೂಯಾರ್ಕಿಗೆ ಹೋಗಿದ್ದ ಬಾರ್ಲೆಟಾ ಅಲ್ಲಿಂದಲೇ ತನಿಖೆ ನಡೆಸುವುದಾಗಿ ಹೇಳಿದರು. ಕೂಡಲೇ ವಾಪಸು ಕರೆ ಬಂತು. ಪನಾಮಾ ತಲುಪಿದ ಮೇಲೆ ಅವರನ್ನು ಸೇನೆಯ ಕೇಂದ್ರ ಕಚೇರಿಗೆ ಕರೆಸಿ ಹಲವು ಗಂಟೆ ಕೂಡಿಹಾಕಲಾಯಿತು. ಸೆಪ್ಟೆಂಬರ್ 28ರ ಹೊತ್ತಿಗೆ ಅವರು ಅಧಿಕಾರದಲ್ಲಿರಲಿಲ್ಲ. ಉಪಾಧ್ಯಕ್ಷ ಎರಿಕ್ ದೆಲ್ವಾಯೆ, ಸಕ್ಕರೆ ಉದ್ಯಮಿ, ಪಟ್ಟಕ್ಕೆ ಬಂದ. ಬಾರ್ಲೆಟಾ ಹೆದರಿ ಸುಮ್ಮನಿದ್ದಿದ್ದರೆ ಇನ್ನಷ್ಟು ದಿನ ಉಳಿಯುತ್ತಿದ್ದರು. ಅವರು ಸುಮ್ಮನಿರಲಿಲ್ಲ. ಅವರ ಪರ ಮಾತಾಡುವವರು ಈ ದಿನವನ್ನೇ ಮುಂದಿಡುತ್ತಾರೆ: ನೋಡಿ, ಒಳ್ಳೆಯ ಮನುಷ್ಯ, ಕೊಲೆಯ ತನಿಖೆ ಕೇಳಿದ್ದಕ್ಕೆ ಬೆಲೆ ತೆತ್ತರು.

ಒಳ್ಳೆಯ ಮನುಷ್ಯ, ಒಪ್ಪೋಣ. ಆದರೆ ಆ ರಾತ್ರಿ ಅವರ ಪರವಾಗಿ ಪನಾಮಾ ನಗರದಲ್ಲಿ ಎಷ್ಟು ಜನ ಬೀದಿಗೆ ಬಂದರು? ಸ್ಪಾದಾಫೊರಾಗಾಗಿ ಜನ ಅತ್ತರು, ಮೆರವಣಿಗೆ ಮಾಡಿದರು. ಅವನ ಕೊಲೆಯ ತನಿಖೆ ಮಾಡುತ್ತೇನೆಂದ ಅಧ್ಯಕ್ಷನನ್ನು ಕೂಡಿಹಾಕಿದಾಗ ದೇಶ ಎದ್ದು ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಹೋಗುತ್ತಿರುವವನು ತಮ್ಮ ಅಧ್ಯಕ್ಷನಲ್ಲ, ಅವರ ಅಧ್ಯಕ್ಷ. ಅವರೇ ತಂದರು, ಅವರೇ ಕಳಿಸಿದರು. ಮೇ ತಿಂಗಳಲ್ಲಿ ಕೈಬಿಟ್ಟ ಜನರನ್ನು ಸೆಪ್ಟೆಂಬರಿನಲ್ಲಿ ಕರೆಯುವುದು ಹೇಗೆ? ಧೈರ್ಯ ಅವರಿಗಿತ್ತು, ಅದನ್ನು ನಿಲ್ಲಿಸಲು ನೆಲವಿರಲಿಲ್ಲ. ಆ ನೆಲವನ್ನು ನೊರಿಯೆಗಾ ಕಿತ್ತುಕೊಂಡದ್ದಲ್ಲ. ಬಾರ್ಲೆಟಾ ಪ್ರಮಾಣವಚನದ ದಿನವೇ ಅದನ್ನು ಬಿಟ್ಟುಕೊಟ್ಟಿದ್ದರು.

‘ಒಳಗಿದ್ದುಕೊಂಡು ಸ್ವಲ್ಪವಾದರೂ ಒಳ್ಳೆಯದು ಮಾಡಬಹುದು’ ಎಂಬ ವಾದವನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ, ಅಕಾಡೆಮಿಗಳಲ್ಲಿ, ಆಯೋಗಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಕೆಲವೊಮ್ಮೆ ಅದು ನಿಜವೂ ಹೌದು. ತೊರಿಹೊಸ್ ಕಾಲದ ಬಾರ್ಲೆಟಾ, ಕಾಲುವೆಯ ಲೆಕ್ಕ ಹಿಡಿದು ಕೂತ ಬಾರ್ಲೆಟಾ, ಅದಕ್ಕೆ ಸಾಕ್ಷಿ. ಸಲಹೆಗಾರನಾಗಿ ಒಳಗಿರುವುದು ಬೇರೆ, ಕದ್ದ ಪೀಠದ ಮೇಲೆ ತಾನೇ ಕೂರುವುದು ಬೇರೆ. ಸಲಹೆಗಾರ ತನ್ನ ವಿದ್ಯೆಯನ್ನು ಕೊಡುತ್ತಾನೆ. ಪೀಠದ ಮೇಲೆ ಕೂತವನು ತನ್ನ ಹೆಸರನ್ನು ಕೊಡುತ್ತಾನೆ. ನೊರಿಯೆಗಾಗೆ ಬೇಕಾಗಿದ್ದದ್ದು ಹೆಸರು. ಅದು ಕೈಗೆ ಬಂದ ಮೇಲೆ ವಿದ್ಯೆ ಅವನಿಗೆ ಭಾರವಾಯಿತು. ಬಾರ್ಲೆಟಾಗೆ ಆಗದ ಸುಧಾರಣೆಗಳನ್ನು 1986ರ ಮಾರ್ಚಿನಲ್ಲಿ ದೆಲ್ವಾಯೆಯ ಸರ್ಕಾರ ಸೇನೆಯ ಬಲದಿಂದ ಮುಂದೆ ನೂಕಿತು. ಕಾರ್ಮಿಕ ಸಂಹಿತೆ ತಿದ್ದಿತು, ಮುಷ್ಕರ ಮುರಿಯಿತು. ಯೋಜನೆ ಜಾರಿಯಾದರೆ ಸಾಕು, ಹೇಗಾದರೂ ಆಗಲಿ ಎನ್ನುವವರಿಗೆ ಇದು ಸಂತೋಷದ ಸುದ್ದಿಯಾಗಿರಬಹುದು. ಹಾಗಿದ್ದರೆ ತಜ್ಞ ಯಾತಕ್ಕೆ ಬೇಕಿತ್ತು, ಲಾಠಿಯೇ ಸಾಕಾಗಿತ್ತಲ್ಲ?

1987ರ ಜೂನಿನಲ್ಲಿ ನೊರಿಯೆಗಾನ ಜೊತೆಗಾರನಾಗಿದ್ದ ಕರ್ನಲ್ ರೊಬೆರ್ತೊ ದಿಯಾಸ್ ಎರೆರಾ, ತನ್ನನ್ನು ನಿವೃತ್ತಿಗೊಳಿಸಿದ ಸಿಟ್ಟಿಗೆ, ಪತ್ರಕರ್ತರ ಮುಂದೆ ಎಲ್ಲ ಕಕ್ಕಿದ. 1984ರ ಚುನಾವಣೆಯನ್ನು ಕದ್ದದ್ದು ನಿಜ, ಆ ಕೆಲಸದಲ್ಲಿ ತಾನೂ ಇದ್ದೆ ಎಂದ. ಸ್ಪಾದಾಫೊರಾ ಕೊಲೆಯ ಹಿಂದೆ ನೊರಿಯೆಗಾ ಇದ್ದ ಎಂದ. ಜನ ಬಿಳಿ ಬಟ್ಟೆ ಬೀಸುತ್ತ, ಪಾತ್ರೆ ಬಡಿಯುತ್ತ ಬೀದಿಗೆ ಬಂದರು. ಮುಂದಿನ ಎರಡೂವರೆ ವರ್ಷ ಪನಾಮಾಕ್ಕೆ ನರಕ: ಅಮೆರಿಕದ ಆರ್ಥಿಕ ದಿಗ್ಬಂಧನ, ಬಾಗಿಲು ಮುಚ್ಚಿದ ಬ್ಯಾಂಕುಗಳು, 1989ರ ಮೇ ತಿಂಗಳ ಇನ್ನೊಂದು ಚುನಾವಣೆಯ ರದ್ದತಿ, ಕೊನೆಗೆ ಡಿಸೆಂಬರ್ 20ರ ರಾತ್ರಿ ಅಮೆರಿಕದ ಸೇನೆಯ ದಾಳಿ. ಎಲ್ ಚೊರಿಯೊ ಎಂಬ ಬಡವರ ಬಡಾವಣೆ ಸುಟ್ಟುಹೋಯಿತು. ಇದಕ್ಕೆಲ್ಲ ಬಾರ್ಲೆಟಾ ಹೊಣೆ ಎಂದು ನಾನು ಹೇಳುತ್ತಿಲ್ಲ, ಅದು ಅತಿಯಾಗುತ್ತದೆ. ಆದರೆ 1984ರಲ್ಲಿ ಆ ಫಲಿತಾಂಶವನ್ನು ನುಂಗಲು ಜಗತ್ತಿಗೆ ಸುಲಭವಾದದ್ದು ಅದರ ಮೇಲಿದ್ದ ಹೆಸರಿನಿಂದ. ಅದೇ 1,713 ಮತಗಳಿಂದ ಯಾರೋ ಕರ್ನಲ್ ಗೆದ್ದಿದ್ದರೆ ಶುಲ್ಟ್ಸ್ ಸಮಾರಂಭಕ್ಕೆ ಬರುತ್ತಿದ್ದರೇ?

ಬಾರ್ಲೆಟಾ ಅವರ ವೃತ್ತಿ ಅಲ್ಲಿಗೆ ನಿಲ್ಲಲಿಲ್ಲ. ಆರ್ಥಿಕ ಬೆಳವಣಿಗೆಯ ಅಧ್ಯಯನಕ್ಕೆಂದೇ ಇದ್ದ ಅಂತರರಾಷ್ಟ್ರೀಯ ಕೇಂದ್ರವೊಂದನ್ನು ವರ್ಷಗಟ್ಟಲೆ ನಡೆಸಿದರು. 1995ರಲ್ಲಿ ಮತ್ತೆ ಸರ್ಕಾರದ ಕೆಲಸಕ್ಕೆ ಬಂದರು: ಕಾಲುವೆಯ ದಡದಲ್ಲಿ ಅಮೆರಿಕನ್ನರು ಬಿಟ್ಟುಹೋಗುತ್ತಿದ್ದ ನೆಲ, ಸೇನಾ ನೆಲೆ, ಕಟ್ಟಡಗಳನ್ನು ನಾಗರಿಕ ಬಳಕೆಗೆ ತರುವ ಪ್ರಾಧಿಕಾರದ ಮುಖ್ಯಸ್ಥರಾಗಿ. ನೊರಿಯೆಗಾನಂಥ ಎಷ್ಟೋ ಅಧಿಕಾರಿಗಳು ತರಬೇತಿ ಪಡೆದ ಸ್ಕೂಲ್ ಆಫ್ ದಿ ಅಮೆರಿಕಾಸ್ ಇದ್ದ ಕಟ್ಟಡ ಹೋಟೆಲ್ ಆದದ್ದು ಈ ಬದಲಾವಣೆಯ ಭಾಗವಾಗಿ. ಈ ಸಲ ಅವರನ್ನು ನೇಮಿಸಿದ್ದು ಚುನಾವಣೆ ಗೆದ್ದು ಬಂದ ಸರ್ಕಾರ, ಮತ್ತು ಅದೇ ಲೆಕ್ಕದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು.

1999ರ ಮೇ ತಿಂಗಳಲ್ಲಿ ಮತ್ತೊಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಗೆದ್ದವರು ಮಿರೆಯಾ ಮೊಸ್ಕೊಸೊ, 1988ರಲ್ಲಿ ಗಡಿಪಾರಾಗಿ ಮಯಾಮಿಯಲ್ಲಿ ಸತ್ತ ಅರ್ನುಲ್ಫೊ ಆರಿಯಾಸ್‌ನ ಹೆಂಡತಿ. ಡಿಸೆಂಬರ್ 31ರ ನಡುಹಗಲು, ಬಾರ್ಲೆಟಾ ಮೇಜಿನ ಮುಂದೆ ಕೂತು ಲೆಕ್ಕ ಹಾಕಿಕೊಟ್ಟಿದ್ದ ಒಪ್ಪಂದದಂತೆ, ಪನಾಮಾದ ಪರವಾಗಿ ಕಾಲುವೆಯನ್ನು ವಹಿಸಿಕೊಂಡದ್ದು ಆಕೆ.